ಹದಿನಾರಿನ ಹುಡುಗಿ

ಏಪ್ರಿಲ್ 25, 1981. ಶನಿವಾರ

ಮೂರು ಲೋಡು ಲಾಂಡ್ರಿ. ಮಡಚೋಕೆ ಕೂತಾಗ ಟೀವಿ ಹಾಕಿದ್ದೇ ತಪ್ಪಾಯ್ತು. ಅಫ್ಘಾನಿಸ್ತಾನಕ್ಕೆ ನುಗ್ಗಿದ್ರು ಅಂತ ರಷ್ಯಾಕ್ಕೆ ಗೋಧಿ ಮಾರೋದನ್ನ ವಾಷಿಂಗ್ಟನ್ನಲ್ಲಿ ಹಿಂದಿನ ಅಧ್ಯಕ್ಷರು ನಿಲ್ಲಿಸಿದ್ರು. ಹೊಸಬರು ಬಂದು ಮೂರು ತಿಂಗಳು. ರಷ್ಯಾದವರು ಸುಳ್ಳರು, ಮೋಸಗಾರರು ಅಂತ ಬೈದಿದ್ದೂ ಅವರೇ, ನಿನ್ನೆ ಗೋಧಿ ಮಾರಬಹುದು ಅಂದಿದ್ದೂ ಅವರೇ. ಹಾಗಿದ್ರೆ ಬೈದಿದ್ದು ಯಾವ ಭಾಗ್ಯಕ್ಕೆ?

ನಮ್ಮ ಯಜಮಾನರನ್ನ ಕೇಳಿದೆ. ಪೇಪರಿಂದ ತಲೆ ಎತ್ತದೆ "ಫಾರಿನ್ ಪಾಲಿಸಿ" ಅಂದ್ರು. ಕಾಲುಚೀಲಕ್ಕೆ ಜೋಡಿ ಸಿಕ್ಕಲಿಲ್ಲ ಅಂದ್ರೂ ಇವರು ಇದೇ ದನಿಯಲ್ಲಿ ಉತ್ತರ ಕೊಡ್ತಾರೆ.

ಜೂನ್ 16, ಮಂಗಳವಾರ

ಪಾಕಿಸ್ತಾನಕ್ಕೆ ವಿಮಾನ ಕೊಡ್ತಾರಂತೆ. ಎಫ್-ಸಿಕ್ಸ್‌ಟೀನು. ಹೋದ ವಾರ ತಾನೆ ಇಸ್ರೇಲಿನವರು ಅದೇ ವಿಮಾನದಲ್ಲಿ ಹೋಗಿ ಇರಾಕಿಗೆ ಬಾಂಬು ಹಾಕಿದ್ರು ಅಂತ ಮುನಿಸಿಕೊಂಡು, ಅವರಿಗೆ ಕೊಡೋದನ್ನ ತಡೆದಿದ್ರು. ಈ ವಾರ ಪಾಕಿಸ್ತಾನಕ್ಕೆ ತಾಂಬೂಲ. ಹುಚ್ಚುಮುಂಡೆ ಮದುವೇಲಿ ಉಂಡವನೇ ಜಾಣ.

ಲ್ಯಾಬಲ್ಲಿ ಡಾಟಿ ಬಂದು ಕಂಗ್ರಾಜುಲೇಷನ್ಸ್ ಹೇಳಿದಳು. ನಿಮ್ಮ ಊರಿಗೇ ಅಲ್ವಾ ಅಂತ. ಆರು ವರ್ಷ ಪಕ್ಕದ ಬೆಂಚಲ್ಲಿ ಕೂತು ರಕ್ತ ಪರೀಕ್ಷೆ ಮಾಡಿದೀವಿ. ಆರು ವರ್ಷ!

ನನ್ನ ತಮ್ಮ ತಿರುಮಲೇಶ ಇಂಡಿಯಾದ ಏರ್‌ಫೋರ್ಸಲ್ಲಿ ಪೈಲಟ್. ಎಲ್ಲಿದಾನೆ ಅಂತ ಅಮ್ಮನಿಗೂ ಗೊತ್ತಿಲ್ಲ, 56 ಎ.ಪಿ.ಒ. ಅನ್ನೋ ಸೈನ್ಯದ ಅಂಚೆ ನಂಬರಷ್ಟೇ ವಿಳಾಸ. ಅವನು ನನಗೆ ಕಾಗದ ಬರೆಯೋ ಹಾಗಿಲ್ಲ, ಫಾರಿನ್ ಅಂತ. ಏನಿದ್ರೂ ಮೈಸೂರಿಂದ ಅಮ್ಮನೇ ಬರೀಬೇಕು. ಹೋದ ಸಲ ರಜೆಯಲ್ಲಿ ಸಿಕ್ಕಾಗ ನಗ್ತಾ ಹೇಳಿದ್ದ, ನಮ್ಮದು ಮರದ ತುದಿ ಸವರಿಕೊಂಡು ಹಾರೋ ಕೆಲಸ ಅಕ್ಕ, ಮೇಲಿರೋನ ಕಣ್ಣಿಗೆ ಬೀಳಬಾರದು, ಅಷ್ಟೇ. ಅವತ್ತು ನಾನೂ ನಕ್ಕಿದ್ದೆ.

ಇವರು ಸನ್ನಿವೇಲಿನ ಆಫೀಸಲ್ಲಿ ಏನು ಮಾಡ್ತಾರೆ ಅಂತ ಎಂಟು ವರ್ಷದಿಂದ ಕೇಳ್ತಿದೀನಿ. ಡಬ್ಬ ಮಾಡ್ತೀವಿ ಅಂತಾರೆ. ಸಿಟಿಜನ್ ಆದಮೇಲೆ ಏನೇನೋ ಸಹಿ ಹಾಕಿಕೊಟ್ಟಿದಾರೆ, ಮನೇಲೂ ಹೇಳೋ ಹಾಗಿಲ್ಲ. ವಿಮಾನದ ಡಬ್ಬ ಅನ್ನೋದು ಮಾತ್ರ ಗೊತ್ತು. ಯಾವ ವಿಮಾನ ಅಂತ ಇವತ್ತು ಕೇಳಿದೆ. ಅನ್ನ ಕಲಸ್ತಾನೇ ಇದ್ರು. ಸಾರು ಹಾಕಿಕೊಂಡಿರಲೇ ಇಲ್ಲ.

ಜೂನ್ 21, ಭಾನುವಾರ

ಸ್ಯಾನ್ ರಮೋನಿಗೆ, ರಘೋತ್ತಮನ ಮನೆಗೆ. ಇವರ ಕಾಲೇಜು ಸ್ನೇಹಿತ. ಈ ಅಧ್ಯಕ್ಷರು ಗೆದ್ದಾಗ ಪೇಡಾ ಹಂಚಿದವನು. ಇವತ್ತು ಪಾಕಿಸ್ತಾನದ ವಿಮಾನದ ವಿಷಯ ಕಾಂಗ್ರೆಸ್‌ಮನ್ನಿಗೆ ಕಾಗದ ಬರೆಯೋಣ ಅಂತ ಎದ್ದು ನಿಂತವನೂ ಅವನೇ.

ಹನ್ನೆರಡು ಜನ ಗಂಡಸರು, ಒಂದು ಟೈಪ್‌ರೈಟರು. ಖಂಡಿಸ್ತೀವಿ ಅಂತ ಹಾಕೋದೋ ವಿಷಾದಿಸ್ತೀವಿ ಅಂತಲೋ — ಇದಕ್ಕೇ ಎರಡು ಗಂಟೆ. ಸಿಟಿಜನ್ನುಗಳೆಲ್ಲ ಖಂಡನೆ, ಗ್ರೀನ್ ಕಾರ್ಡಿನವರೆಲ್ಲ ವಿಷಾದ. ರಘೋತ್ತಮನ ಹೆಂಡತಿ ಶೈಲಜಾ ಅಡುಗೆಮನೆಯಿಂದಲೇ ಹೇಳಿದಳು, ಎರಡೂ ಹಾಕಿ ಬಂದು ಊಟ ಮಾಡಿ ಅಂತ. ಕೊನೆಗೆ ಊಟ ಆಯ್ತು, ಕಾಗದ ಆಗಲಿಲ್ಲ.

ಇವರು ಮೊದಲೇ ಸಹಿ ಹಾಕಲ್ಲ ಅಂದುಬಿಟ್ರು. ಯಾಕೆ ಅಂದ್ರೆ ತಲೆನೋವಂತೆ.

ಜುಲೈ 15, ಬುಧವಾರ

ಹಣ್ಣಿನ ನೊಣಕ್ಕೆ ಹೆಲಿಕಾಪ್ಟರಿಂದ ಔಷಧಿ ಹೊಡೀತಾರಂತೆ. ಗಿಡದ ನಿಂಬೆಹಣ್ಣೆಲ್ಲ ಕಿತ್ತು ಚೀಲಕ್ಕೆ ತುಂಬಿದೆ. ಕಾರಿಗೆ ಹಳೇ ಸೀರೆ ಹೊದಿಸಿದೆ. ಒಂದು ನೊಣ ಹಿಡಿಯೋಕಾಗಲ್ಲ, ಪ್ರಪಂಚ ಆಳ್ತಾರಂತೆ.

ಇವರಿಗೆ ಹೋದ ವಾರ ಕೆಲಸ ನಿಲ್ಲಿಸಿ ಅಂದಿದ್ರು. ಈ ವಾರ ಓವರ್‌ಟೈಮು. ವಾಷಿಂಗ್ಟನ್ನಲ್ಲಿ ಯಾರೋ ಮನಸ್ಸು ಬದಲಾಯಿಸಿದ್ರೆ ನಮ್ಮನೇಲಿ ಉಪ್ಪಿಟ್ಟು ಆರುತ್ತೆ.

ಸೆಪ್ಟೆಂಬರ್ 19, ಶನಿವಾರ

ಪಾಕಿಸ್ತಾನದವರು ಹೂಂ ಅಂದ್ರಂತೆ, ವಿಮಾನಕ್ಕೆ. ಹಾಳಾಗಿ ಹೋಗಲಿ. ಅಮ್ಮನ ಕಾಗದ ಬಂತು. ತಿರುಮಲೇಶನಿಗೆ ಕೊನೆಗೂ ಮದುವೆ ಮೇಲೆ ಮನಸ್ಸು ಬಂದ ಹಾಗಿದೆ! ಅಮ್ಮ ಬರೆದಿದ್ದು ಹೀಗೆ:

"ಹದಿನಾರಿನ ಹುಡುಗಿಯ ವಿಷಯ ಭಾವನಿಗೆ ಚೆನ್ನಾಗಿ ಗೊತ್ತಿದೆ, ಅಕ್ಕ ಕೇಳಿ ಬರೆಯಲಿ ಅಂತ ಹೇಳಿ ಕಳಿಸಿದ್ದಾನೆ. ಹುಡುಗಿಗೆ ಕಣ್ಣು ಎಷ್ಟು ದೂರ ಕಾಣುತ್ತದೆ, ಕತ್ತಲಲ್ಲಿ ಕಾಣುತ್ತದೆಯೋ, ತಲೆ ತಗ್ಗಿಸಿ ನೋಡಿದರೂ ಕಾಣುತ್ತದೆಯೋ ಅಂತ ವಿಚಾರಿಸಬೇಕಂತೆ. ಹುಡುಗಿ ಅಂದ ಮೇಲೆ ತಲೆ ತಗ್ಗಿಸಿಯೇ ನೋಡುತ್ತಾಳೆ, ಅದೇನು ಕೇಳುವುದು? ನನಗಂತೂ ಇರುಳುಗಣ್ಣಿನ ಸೊಸೆ ಬೇಡ."

ಹದಿನಾರು ಇವರ ಅಜ್ಜಿಯ ತೌರೂರು, ನಂಜನಗೂಡಿನ ಹತ್ರ. ಅಲ್ಲಿ ಯಾವುದೋ ಹುಡುಗಿ ಇದ್ದು, ನನ್ನ ಹತ್ರ ಬಾಯಿ ಬಿಟ್ಟಿಲ್ಲ ಈ ಮಹಾನುಭಾವರು. ನಾಳೆ ರಘೋತ್ತಮ, ಶೈಲಜಾ ಊಟಕ್ಕೆ ಬರ್ತಾರೆ. ಅವರ ಎದುರಿಗೇ ಮಾನ ತೆಗೀತೀನಿ.

ಸೆಪ್ಟೆಂಬರ್ 20, ಭಾನುವಾರ, ಸಂಜೆ 5

ರಘೋತ್ತಮ, ಶೈಲಜಾ ಈಗ ತಾನೆ ಹೊರಟ್ರು.

ಸಾರು ಬಡಿಸ್ತಾ ಕೇಳಿದೆ, ಏನ್ರೀ, ಹದಿನಾರಿನ ಹುಡುಗಿಗೆ ಕಣ್ಣು ಎಷ್ಟು ದೂರ ಕಾಣುತ್ತಂತೆ. ಇವರು ಯಾವ ಹುಡುಗಿ ಅಂದ್ರು. ಕಾಗದ ತಂದು ಎಲ್ಲರೆದುರು ಓದಿದೆ. ಇರುಳುಗಣ್ಣಿಗೆ ಬಂದಾಗ ಶೈಲಜಾ ನಕ್ಕೂ ನಕ್ಕೂ ನೀರು ನೆತ್ತಿಗೇರಿಸಿಕೊಂಡಳು. ರಘೋತ್ತಮ, ಕನ್ನಡಕ ಹಾಕಿಸಿದ್ರಾಯ್ತು ಬಿಡಿ ಅಂದ.

ನಮ್ಮ ಊರ್ಮಿಳಾಗೆ ಒಂಬತ್ತು ವರ್ಷ. ಕನ್ನಡ ಅರ್ಥ ಆಗುತ್ತೆ, ಬಾಯಲ್ಲಿ ಬರೀ ಇಂಗ್ಲಿಷು. ಅಂಕಿ ಮಾತ್ರ ನೂರರವರೆಗೆ ಬಾಯಿಪಾಠ ಮಾಡಿಸಿದೀನಿ. ತಟ್ಟೆಯಿಂದ ತಲೆ ಎತ್ತಿ ಕೇಳಿದಳು, "ಹದಿನಾರು ಈಸ್ ಸಿಕ್ಸ್‌ಟೀನ್, ರೈಟ್? ಶಿ ಈಸ್ ಓನ್ಲಿ ಸಿಕ್ಸ್‌ಟೀನ್?"

ಶೈಲಜಾ ಇನ್ನೂ ಜೋರಾಗಿ ನಕ್ಕಳು. ನಾನು ಇವರ ಮುಖ ನೋಡಿದೆ. ಬಣ್ಣವೇ ಇರಲಿಲ್ಲ.

ಸಿಕ್ಸ್‌ಟೀನು. ಕಣ್ಣು. ತಲೆ ತಗ್ಗಿಸಿ ನೋಡೋದು. ಅಂದ್ರೆ ಮೇಲಿಂದ ಕೆಳಕ್ಕೆ ನೋಡೋದು. ಮರದ ಮಟ್ಟದಲ್ಲಿ ಹಾರೋ ನನ್ನ ತಮ್ಮ ಆ ಎಫ್-ಸಿಕ್ಸ್‌ಟೀನಿಗೆ ಕಾಣ್ತಾನಾ — ಅವನು ಕೇಳಿರೋದು ಇಷ್ಟೇ. ಡಬ್ಬದಲ್ಲಿ ಇವರು ಮಾಡೋದು ಅದರ ಕಣ್ಣು, ರೇಡಾರು. ಇದು ತಮ್ಮನಿಗೆ ಗೊತ್ತು, ಹೆಂಡತಿಗೆ ಗೊತ್ತಿಲ್ಲ.

ಅಮ್ಮನಿಗೆ ಏನೂ ಗೊತ್ತಿಲ್ಲ, ಪಾಪ. ಹುಡುಗಿ ನೋಡ್ತಿದಾಳೆ.

ಸೆಪ್ಟೆಂಬರ್ 21, ಸೋಮವಾರ, ಬೆಳಿಗ್ಗೆ

ಕಾಗದ ಸುಟ್ಟುಬಿಡು ಅಂದ್ರು. ಸಿಂಕಲ್ಲಿ ಸುಟ್ಟೆ. ಅಮ್ಮನ ಅಕ್ಷರ ಸುಟ್ಟೆ, ನನ್ನ ಕೈಯಾರೆ.

ರಜೆಯಲ್ಲಿ ಹೋದಾಗ ತಿರುಮಲೇಶನ ಹತ್ರ ಒಂದೇ ಒಂದು ಮಾತು ಜಂಬ ಕೊಚ್ಚಿಕೊಂಡಿದ್ರಂತೆ, ವಿಮಾನಕ್ಕೆ ಕಣ್ಣು ಕೊಡೋರು ನಾವೇ ಅಂತ. ಆಗ ಯಾರಿಗೆ ಗೊತ್ತಿತ್ತು ಅದು ಪಾಕಿಸ್ತಾನಕ್ಕೆ ಹೋಗುತ್ತೆ ಅಂತ. ಉತ್ತರ ಕೊಟ್ರೆ ಜೈಲು ಇವರಿಗೆ. ಸಿಕ್ಕಿಬಿದ್ರೆ ಊರ್ಮಿಳಾ, ನಾನು, ಬೀದಿಪಾಲು.

"ನಿಮ್ಮ ಡಬ್ಬಕ್ಕೆ ನನ್ನ ತಮ್ಮ ಸಿಗ್ತಾನೋ ಇಲ್ವೋ, ಅಷ್ಟು ಹೇಳಿ ಸಾಕು" ಅಂದೆ.

ಷೂ ಹಾಕಿಕೊಂಡು ಹೊರಟುಹೋದ್ರು. ತಿಂಡಿ ತಿನ್ನಲಿಲ್ಲ. ಇವರ ಮೇಲೆ ಸಿಟ್ಟು, ತಮ್ಮನ ಮೇಲೆ ಅದಕ್ಕಿಂತ ಸಿಟ್ಟು. ಹೆತ್ತ ತಾಯಿ ಕೈಲಿ ಇಂಥ ಕಾಗದ ಬರೆಸೋದಾ? ಆದರೆ ಬೇರೆ ಯಾರನ್ನ ಕೇಳ್ತಾನೆ ಅವನು.

ನವೆಂಬರ್ 5, ಗುರುವಾರ

ಒಂದೂವರೆ ತಿಂಗಳು ಬರೆದಿಲ್ಲ. ಮನೇಲಿ ಬರೆಯೋ ಅಂಥದ್ದೇನೂ ನಡೆದಿಲ್ಲ. ಉಪ್ಪು, ಹಾಲು, ಕಾರಿನ ಕೀ. ಅಷ್ಟೇ ಮಾತು.

ನಿನ್ನೆ ಒಬ್ಬ ಮಂತ್ರಿ ಅಂದ, ಯುದ್ಧ ಬಂದ್ರೆ ಮೊದಲು ಎಚ್ಚರಿಕೆಗೆ ಅಂತ ಒಂದು ಅಣುಬಾಂಬು ಹಾಕೋ ಏರ್ಪಾಟಿದೆ. ಇವತ್ತು ಇನ್ನೊಬ್ಬ ಮಂತ್ರಿ ಅಂದ, ಅಂಥದ್ದೇನೂ ಇಲ್ಲ. ಎತ್ತು ಏರಿಗೆ, ಕೋಣ ನೀರಿಗೆ. ಗಾಡೀಲಿ ಕೂತಿರೋದು ನಾವು.

ಡಾಟಿ ಮಗ ಜರ್ಮನಿಯಲ್ಲಿ ಸೋಲ್ಜರು. ಬಾಂಬು ಬೀಳೋದಾದ್ರೆ ಅಲ್ಲೇ ಅಲ್ವಾ. ಬೆಳಿಗ್ಗೆಯಿಂದ ಫೋನು ಸಿಕ್ಕಿಲ್ಲವಂತೆ. ನನಗೂ ಒಬ್ಬ ತಮ್ಮ ಇದಾನೆ ಅಂದೆ. ನೀನು ಎಂದೂ ಹೇಳಲೇ ಇಲ್ಲವಲ್ಲ ಅಂದಳು. ಕೈ ಹಿಡಿದುಕೊಂಡಳು. ನನಗೆ ಅಳು ಬಂತು, ಬಾತ್‌ರೂಮಿಗೆ ಹೋಗಿ ಅತ್ತೆ.

ಸಂಜೆ ನ್ಯೂಸ್ ಮಧ್ಯದಲ್ಲೇ ಇವರು ಟೀವಿ ಆರಿಸಿದ್ರು. ಏನು ಮಾಡ್ತಿದೀವಿ ಅಂತ ವಾಷಿಂಗ್ಟನ್ನಿನವರಿಗೇ ಗೊತ್ತಿಲ್ಲ ಕಣೆ ಅಂದ್ರು. ಒಂದೂವರೆ ತಿಂಗಳಾದ ಮೇಲೆ ಆಡಿದ ಉದ್ದದ ಮಾತು ಅದು.

ನವೆಂಬರ್ 8, ಭಾನುವಾರ, ಸಂಜೆ 4

ನಿನ್ನೆ ಅಮ್ಮನ ಇನ್ನೊಂದು ಕಾಗದ. ಆ ಹುಡುಗಿ ವಿಷಯ ಏನಾಯ್ತು, ತಿರುಮಲೇಶ ಎರಡು ಸಲ ಕೇಳಿ ಕಳಿಸಿದ, ಇಷ್ಟು ಆಸೆ ಪಟ್ಟಿದ್ದು ನಾನು ಕಾಣೆ, ಜಾತಕ ತರಿಸಲಾ ಅಂತ.

ಕಾಗದ ಇವರ ಮುಂದೆ ಇಟ್ಟೆ. ಓದಿದ್ರು. ಮತ್ತೆ ಓದಿದ್ರು. ಹಿತ್ತಲಿಗೆ ಹೋಗಿ ಗಿಡಕ್ಕೆ ನೀರು ಬಿಟ್ಟುಕೊಂಡು ಅರ್ಧ ಗಂಟೆ ನಿಂತ್ರು. ನೀರೆಲ್ಲ ಪಕ್ಕದವರ ಡ್ರೈವ್‌ವೇಗೆ ಹರೀತು.

ಒಳಗೆ ಬಂದು, ನನ್ನ ಕಡೆ ನೋಡದೆ, ಕೈ ಒರೆಸಿಕೊಳ್ತಾ ಹೇಳಿದ್ರು.

"ಆ ಹುಡುಗಿ ಹತ್ರ ಸುಳೀಬೇಡ ಅಂತ ಬರಿ. ತಲೆ ತಗ್ಗಿಸಿದ್ರೂ ಕಾಣುತ್ತೆ ಅವಳಿಗೆ."

ಆಮೇಲೆ ಕುರ್ಚಿ ಮೇಲೆ ಕೂತುಬಿಟ್ರು. ಮುಖ ಮುಚ್ಚಿಕೊಂಡು. ಹದಿಮೂರು ವರ್ಷದ ಸಂಸಾರದಲ್ಲಿ ಇವರು ಹಾಗೆ ಕೂತಿದ್ದು ನೋಡಿರಲಿಲ್ಲ. ಹೋಗಿ ತಲೆ ಮೇಲೆ ಕೈ ಇಟ್ಟೆ.

ಸುಳೀಬೇಡ ಅನ್ನೋಕೆ ಅವನೇನು ಮದುವೆಗಂಡೇ? ಹೋಗು ಅಂದ್ರೆ ಹೋಗಬೇಕು. ಅವನ ಕೆಲಸ ಅದು. ಕಾಣುತ್ತೆ ಅಂತ ಗೊತ್ತಿದ್ದೂ ಹೋಗ್ತಾನೆ, ನನಗೆ ಗೊತ್ತು ಅವನು.

ಏರೋಗ್ರಾಂ ತಗೊಂಡು ಕೂತಿದೀನಿ. ಮೊದಲು ಇಲ್ಲಿ ಬರೆದು ನೋಡ್ತೀನಿ.

ಪೂಜ್ಯ ಅಮ್ಮನಿಗೆ, ವಸುಧಾ ಮಾಡುವ ನಮಸ್ಕಾರಗಳು. ನಾವೆಲ್ಲ ಕ್ಷೇಮ. ಹುಡುಗಿಗೆ ಕಣ್ಣು ತುಂಬಾ ಚೆನ್ನಾಗಿದೆಯಂತೆ. ಆದರೆ ಅಮ್ಮ, ಅವನಿಗೆ ಹೇಳು…