ನಿನ್ನ ಪಕ್ಕದ ಜಾಗ

14, ಹಾಥಾರ್ನ್ ಕ್ಲೋಸ್
ವೆದರ್‌ಫೋಲ್ಡ್, ಕೆಂಟ್
ಮಾರ್ಚ್ 9, ಭಾನುವಾರ

ಪ್ರೀತಿಯ ತಂಗಿ ಎಲ್ವೀರಾ,

ಅಮ್ಮನ ಮೊಣಕಾಲು ನೋವು ಹೇಗಿದೆ? ಫೋನಿನಲ್ಲೇ ಕೇಳಬಹುದಿತ್ತು. ಆದರೆ ನಾನು ಫೋನು ಮಾಡಿದಾಗಲೆಲ್ಲ ನಿನ್ನ ಹಿಂದಿನಿಂದ ಮಿಝೆಲ್ಲಿಯ ನಗು ಕೇಳಿಸುತ್ತದೆ. ಹೇಳಬೇಕೆಂದಿದ್ದ ಮಾತು ಬಿಟ್ಟು ಮಳೆ ಚಳಿಯ ಮಾತಾಡಿ ಫೋನು ಇಟ್ಟುಬಿಡುತ್ತೇನೆ.

ಸಭೆಯ ಮಾರನೆಯ ದಿನ ನೀನು, "ಅಕ್ಕಾ, ನಿಂಗೆ ಅಷ್ಟು ಧೈರ್ಯ ಎಲ್ಲಿಂದ ಬಂತೇ?" ಎಂದೆ. ಅದು ಧೈರ್ಯವಲ್ಲ. ಏನೆಂದು ಹೇಳುವುದಕ್ಕೇ ಈ ಕಾಗದ.

ನಮ್ಮ ಜಿಪ್ಸಿ ಜನದ ಬಿಡಾರದಲ್ಲಿ ಗಾಡಿ ನಿಲ್ಲಿಸಲು ಒಂದೇ ಒಂದು ಜಾಗ ಖಾಲಿಯಾದಾಗ ನಾವಿಬ್ಬರೂ ಕೇಳಿದೆವು. ನಿನ್ನ ಕಂಕುಳಲ್ಲಿ ಹಸುಗೂಸಿತ್ತು, ನಿನಗೆ ಕೊಟ್ಟರು. ನನಗೆ ಕೌನ್ಸಿಲ್‌ನವರು, "ಜಾಗ ಇಲ್ಲ, ಮನೆ ಇದೆ. ಬೇಕಾದ್ರೆ ತಗೊಳ್ಳಿ" ಎಂದರು. ಆ ಚಳಿಗಾಲದಲ್ಲಿ ನಮ್ಮ ಮನೆಯಾಗಿದ್ದ ಗಾಡಿಯನ್ನು ಯಾವ ರಸ್ತೆಯ ಬದಿಗೆ ನಿಲ್ಲಿಸಿದರೂ ಪೊಲೀಸರು ಬಂದು ಬಾಗಿಲು ಬಡಿಯುತ್ತಿದ್ದರು. ಮಗಳು ರೋಡಾಳ ಎದೆ ಗೊರಗೊರ ಎನ್ನುತ್ತಿತ್ತು. ಮನೆ ತೆಗೆದುಕೊಂಡೆ.

ನಿಮ್ಮ ಬಿಡಾರದ ಒಂದು ಕಡೆ ಊರಿನ ಕೊಳಚೆ ನೀರು, ಇನ್ನೊಂದು ಕಡೆ ರೈಲು. ಅದೆಲ್ಲ ಗೊತ್ತು. "ನಿಂಗೇನಕ್ಕಾ, ನಲ್ಲಿ ತಿರುಗಿಸಿದ್ರೆ ಬಿಸಿನೀರು" ಎನ್ನುತ್ತೀಯೆ. ನಿಜ, ಮೊದಮೊದಲು ದಿನಕ್ಕೆರಡು ಸಲ ಸ್ನಾನ ಮಾಡಿದೆ. ಆದರೆ ಇಲ್ಲಿ ಬೆಳಗಿನಿಂದ ಸಂಜೆಯವರೆಗೆ ನನ್ನನ್ನು ಹೆಸರು ಹಿಡಿದು ಕೂಗುವವರಿಲ್ಲ. ನನ್ನ ಗಂಡ ಪೆರ್ರಿನ್‌ಗೆ ಮಹಡಿಯ ಮೇಲೆ ನಿದ್ದೆಯೇ ಬರುವುದಿಲ್ಲ. ಹಾಸಿಗೆಯನ್ನು ಕೆಳಗೆ ಎಳೆದು ತಂದು, ಮುಂಬಾಗಿಲು ತೆರೆದಿಟ್ಟು ಮಲಗುತ್ತಾನೆ.

ಈ ಬೀದಿಯ ಗೋರ್ಜಾ ಜನಕ್ಕೆ, ನಮ್ಮವರಲ್ಲದವರಿಗೆ, ನಾವು ಯಾರೆಂದು ಹೇಳಲೇ ಇಲ್ಲ. ಪಕ್ಕದ ಮನೆಯ ಪಾಲಿನ್ ಹೆಸರು ಕೇಳಿದಾಗ ಸಿನ್ಫಿ ಎನ್ನುವ ಬದಲು ಸಿಂಡಿ ಎಂದುಬಿಟ್ಟೆ. ಹಿಂದಿನ ಶಾಲೆಯಲ್ಲಿ ರೋಡಾಳನ್ನು ಏನೇನು ಕರೆಯುತ್ತಿದ್ದರೆಂದು ನಿನಗೆ ಗೊತ್ತಲ್ಲ. ಇಲ್ಲಿ ಮೊದಲ ಸಲ ಒಬ್ಬ ಗೆಳತಿಯನ್ನು ಮನೆಗೆ ಕರೆತಂದಳು. ನಮ್ಮ ಗುಟ್ಟು ಕಾಯಲೆಂದು ನೀನು ಲಾರಿ ಬಿಟ್ಟು ಬಸ್ಸಿನಲ್ಲಿ ಬಂದೆ, ಕಿವಿಯ ಬಳೆಯಂಥ ದೊಡ್ಡ ಓಲೆಗಳನ್ನು ತೆಗೆದಿಟ್ಟು ಬಂದೆ. ನಾನು ಬಾಯಿಬಿಟ್ಟು ಕೇಳಿರಲಿಲ್ಲ.

ಇನ್ನು ಮಿಝೆಲ್ಲಿಯ ವಿಷಯ. ನಿನ್ನ ಗಂಡನ ಕಡೆಯವಳು, ನಿನ್ನ ಪಕ್ಕದ ಜಾಗದವಳು, ಒಳ್ಳೆಯವಳೇ ಇರಬಹುದು. ಕ್ರಿಸ್‌ಮಸ್‌ಗೆ ಬಂದಾಗ ನಿನ್ನ ಗಾಡಿಯಲ್ಲಿ ಸಕ್ಕರೆ ಎಲ್ಲಿದೆಯೆಂದು ನಾನು ಕೇಳಬೇಕಾಯಿತು. ಅವಳು ತಿರುಗಿಯೂ ನೋಡದೆ ಕೈಚಾಚಿ ತೆಗೆದುಕೊಟ್ಟಳು. ಅವಳು ಮಾಡಿದ ಹಂದಿಮಾಂಸದ ಕಡುಬನ್ನು ಅಮ್ಮ ಎರಡನೆಯ ಸಲ ಬಡಿಸಿಕೊಂಡು, "ಥೇಟ್ ನನ್ನ ಕೈರುಚಿ" ಎಂದಳು. ಹಿಟ್ಟು ಜಾಸ್ತಿಯಾಗಿತ್ತು, ಎಲ್ವೀರಾ, ಯಾರೂ ಹೇಳಲಿಲ್ಲ. ಹೊರಡುವಾಗ ಅಮ್ಮ ನನ್ನ ಕೆನ್ನೆ ಸವರಿ, "ಹೋಗ್ಬಾ, ಮಿಝೆ..." ಎಂದು ನಾಲಿಗೆ ಕಚ್ಚಿಕೊಂಡಳು. ಬಸ್ಸಿನಲ್ಲಿ ಮನೆ ಮುಟ್ಟುವವರೆಗೂ ನನ್ನ ಹೊಟ್ಟೆ ಉರಿಯುತ್ತಿತ್ತು.

ಆಮೇಲೆ ಕೌನ್ಸಿಲ್‌ನವರು ಒಂದು ಜಾಗದಲ್ಲಿ ಎರಡು ಗಾಡಿ ಇರಕೂಡದು, ಬೇಸಿಗೆಯೊಳಗೆ ನಿನ್ನ ಜಾಗದಿಂದ ಅಮ್ಮನ ಗಾಡಿ ತೆಗೆಯಿರಿ ಎಂದರಲ್ಲ. ಬಿಡಾರದ ಹಿಂದಿನ ಹೊಲದಲ್ಲಿ ಹೊಸ ಜಾಗಗಳು ಮಂಜೂರಾದರೆ ಸರಿ, ಇಲ್ಲದಿದ್ದರೆ ಅಮ್ಮನಿಗೂ ಒಂದು ಇಟ್ಟಿಗೆ ಮನೆ. "ಮೆಟ್ಟಿಲಿರೋ ಮನೆಗೆ ನನ್ನ ಹೆಣ ಹೋಗುತ್ತೆ, ನಾನ್ ಹೋಗಲ್ಲ" ಎಂದು ಅಮ್ಮ ಹಟ ಹಿಡಿದಳು.

ಪಾಲಿನ್ ಬಂದು ಕರೆದಳು: "ಸಿಂಡಿ, ಆ ಜಿಪ್ಸಿಗಳಿಗೆ ಇನ್ನೂ ಜಾಗ ಕೊಡ್ತಾರಂತೆ. ಕೌನ್ಸಿಲ್ ಸಭೆಗೆ ಬನ್ನಿ, ಎಲ್ಲ ಸೇರಿ ಬೇಡ ಅನ್ನೋಣ." ಹೋದೆ. ಬಾಯಿ ಮುಚ್ಚಿಕೊಂಡು ಕೂತು ಬರುವುದೆಂದೇ ಹೋದೆ.

"ಅವ್ರಿಗೆ ಎಲ್ಲಿ ಜಾಗ ಕೊಟ್ರೂ ಕೊಳಕು ಮಾಡ್ತಾರೆ" ಎಂದು ಒಬ್ಬ ಹೇಳಿದಾಗ ನೀನು ಎದ್ದು ನಿಂತೆ. "ಅಲ್ಲಿರೋ ಕೊಳಕು ನಿಮ್ಮದೇ, ಸ್ವಾಮಿ. ಊರಿನ ಕಕ್ಕಸಿನ ನೀರೆಲ್ಲ ಬಂದು ಸೇರೋದು ನಮ್ಮ ಬಾಗಿಲಿಗೆ. ಮೂಗು ಮುಚ್ಕೊಂಡು ಇರೋರು ನಾವು" ಎಂದೆ. ಸಭೆಯಲ್ಲಿ ಕೆಲವರು ನಕ್ಕರು. ನಿನ್ನ ಕಣ್ಣು ನನ್ನ ಮೇಲೆ ಬಿತ್ತು, ಖಾಲಿ ಕುರ್ಚಿ ನೋಡಿದಂತೆ ಮುಂದಕ್ಕೆ ಸರಿಯಿತು. ಯಾಕೆಂದು ನನಗೆ ಅರ್ಥವಾಯಿತು.

ಆಮೇಲೆ ನೀನು ಅಮ್ಮನ ಗಾಡಿಯ ಮಾತೆತ್ತಿದಾಗ ಸಭೆಯ ಅಧ್ಯಕ್ಷೆ, "ನಿಮ್ಮ ತಾಯೀನ ನೋಡ್ಕೊಳ್ಳೋಕೆ ಬೇರೆ ಮಕ್ಕಳಿಲ್ವಾ?" ಎಂದು ಕೇಳಿದಳು. ನೀನು ಪಕ್ಕದಲ್ಲಿ ಕೂತಿದ್ದ ಮಿಝೆಲ್ಲಿಯ ಹೆಗಲ ಮೇಲೆ ಕೈಯಿಟ್ಟು, "ಇವಳಿದಾಳೆ. ನನ್ನ ಒಡಹುಟ್ಟಿದವಳು" ಎಂದೆ.

ನನ್ನನ್ನು ಕಾಯಲೆಂದೇ ಹಾಗೆ ಹೇಳಿದೆ. ಆಗಲೂ ಗೊತ್ತಿತ್ತು, ಈಗಲೂ ಗೊತ್ತು. ಗೊತ್ತಿದ್ದ ಮಾತ್ರಕ್ಕೆ ಉರಿ ಆರುತ್ತದೆಯೇ? ಅವಳು ತಲೆಯಾಡಿಸಿದ್ದನ್ನು ಕಂಡೆ. ಮರುಕ್ಷಣ ನಾನು ಎದ್ದು ನಿಂತಿದ್ದೆ.

"ಸುಳ್ಳು. ಅವಳ ಒಡಹುಟ್ಟಿದವಳು ನಾನು. ಆ ಕಡುಬು ಮಾಡೋದನ್ನ ಅಮ್ಮ ಕಲ್ಸಿದ್ದು ನನಗೆ" ಎಂದೆ. ಯಾವ ಕಡುಬೆಂದು ಯಾರಿಗೂ ತಿಳಿಯಲಿಲ್ಲ. ಪಾಲಿನ್ ನನ್ನ ತೋಳು ಜಗ್ಗಿ, "ಸಿಂಡಿ, ಏನಾಯ್ತು ನಿಮ್ಗೆ? ಕೂತ್ಕೊಳ್ಳಿ" ಎಂದಳು.

"ನಾನು ಸಿಂಡಿ ಅಲ್ಲ, ಸಿನ್ಫಿ. ಎರಡು ವರ್ಷದಿಂದ ನಿಮ್ಮ ಬೀದೀಲೇ ಇದೀನಿ. ಯಾರ ಮನೇಲಿ ಏನು ಕಳೆದಿದೆ, ಈಗ್ಲೇ ಹೇಳಿ."

ನಿಂತಾಗಿತ್ತು, ಇನ್ನು ಕೂರುವುದು ಹೇಗೆ? ರಸ್ತೆ ಬದಿ, ಪೊಲೀಸರ ಬಡಿತ, ರೋಡಾಳ ಎದೆ, ಅಮ್ಮನ ಹಟ ಎಲ್ಲವನ್ನೂ ಹೇಳಿದೆ. ನೀನು ಕೇಳಿದ್ದು ಆ ಮಾತುಗಳನ್ನು. ಅವನ್ನು ಎಬ್ಬಿಸಿದ್ದು ಮಾತ್ರ ಬರೀ ಹೊಟ್ಟೆಕಿಚ್ಚು.

ಈಗ ಪಾಲಿನ್ ನನ್ನನ್ನು ಕಂಡರೆ ನಾಯಿಯನ್ನು ಎಳೆದುಕೊಂಡು ರಸ್ತೆಯ ಆಚೆ ಬದಿಗೆ ಹೋಗುತ್ತಾಳೆ. ರೋಡಾಳ ಗೆಳತಿ ಬರುವುದನ್ನು ನಿಲ್ಲಿಸಿದಳು. "ನಿನ್ನಿಂದಾನೇ ಆಗಿದ್ದು" ಎಂದು ರೋಡಾ ಕೋಣೆಯ ಬಾಗಿಲು ಹಾಕಿಕೊಂಡಳು. ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.

ಕೇಳಿದಷ್ಟು ಸಿಗದಿದ್ದರೂ ಮೂರು ಜಾಗ ಮಂಜೂರಾಗಿವೆ. ಒಂದು ಅಮ್ಮನಿಗೆ ಎಂಬುದು ನಿನಗೆ ಗೊತ್ತು. ಇನ್ನೊಂದು ನಮಗೆ ಎಂದು ಶುಕ್ರವಾರ ತಿಳಿಸಿದರು. ಪೆರ್ರಿನ್ ಆಗಲೇ ಮಾರದೆ ಇಟ್ಟುಕೊಂಡಿದ್ದ ನಮ್ಮ ಗಾಡಿಯ ಕಿಟಕಿಗಳನ್ನು ಉಜ್ಜಿ ಉಜ್ಜಿ ಕನ್ನಡಿ ಮಾಡಿದ್ದಾನೆ. ಅಮ್ಮನಿಗೆ ನಾನೇ ಹೇಳುತ್ತೇನೆ, ನೀನು ಹೇಳಬೇಡ. ಇದೊಂದನ್ನಾದರೂ ಅವಳು ಮೊದಲು ನನ್ನ ಬಾಯಿಂದ ಕೇಳಲಿ.

ಮಗುವಿಗೆ ನನ್ನ ಮುತ್ತು.

ನಿನ್ನ ಒಡಹುಟ್ಟಿದ ಅಕ್ಕ,
ಸಿನ್ಫಿ

ವಿ.ಸೂ.: ಮಿಝೆಲ್ಲಿ, ಎಲ್ವೀರಾಗೆ ಓದು ಬರುವುದಿಲ್ಲ. ಅವಳಿಗೆ ಬಂದ ಕಾಗದಗಳನ್ನೆಲ್ಲ ಓದಿ ಹೇಳುವವಳು ನೀನೇ ಎಂದು ಬರೆಯಲು ಕೂತಾಗಲೇ ನನಗೆ ಗೊತ್ತಿತ್ತು. ನಿನ್ನ ಬಗ್ಗೆ ಬರೆದದ್ದನ್ನು ಒಂದಕ್ಷರವೂ ಬಿಡದೆ ದೊಡ್ಡ ದನಿಯಲ್ಲಿ ಓದಿರುತ್ತೀಯೆ ಎಂದು ನಂಬಿದ್ದೇನೆ. ಇನ್ನು ಮುಂದಿನದು ನಿನಗೆ ಮಾತ್ರ, ಮನಸ್ಸಿನಲ್ಲೇ ಓದಿಕೋ. ನಮಗೆ ಕೊಟ್ಟಿರುವ ಜಾಗ ನಿನ್ನದರ ಆಚೆಗಿದೆ. ಅವಳಿಗೂ ನನಗೂ ನಡುವೆ ನೀನಿದ್ದೀಯೆ. ಮನಸ್ಸಿದ್ದರೆ ಜಾಗ ಬದಲಾಯಿಸಿಕೊಳ್ಳೋಣವೇ? ಒಲ್ಲೆಯೆಂದರೆ, ಕೇಳಿದ್ದೆನೆಂದು ಅವಳಿಗೆ ಹೇಳಬೇಡ.