ಒಬ್ಬ ಅಪ್ಪನ ಮೂರು ಮಕ್ಕಳು

ನಾರ್ಫೋಕ್
1559, ಸಂತ ಲೂಕನ ಹಬ್ಬದ ಮಾರನೆಯ ದಿನ

ನನ್ನ ಯಜಮಾನರಾದ ಜರ್ವೇಸ್ ಅವರಿಗೆ,

ಯಜಮಾನರು ಅಂತ ಬರೆಯಲು ಕಾನೂನು ಒಪ್ಪುತ್ತದೋ ಇಲ್ಲವೋ, ಕೈ ಒಪ್ಪಿತು, ಬರೆದುಬಿಟ್ಟೆ. ಇಲ್ಲಿ ಸೇಬು ಕೊಯ್ದಾಗಿದೆ. ಬೆಳಗಿನ ಮಂಜು ಮಧ್ಯಾಹ್ನವಾದರೂ ಹೊಲ ಬಿಟ್ಟು ಏಳುವುದಿಲ್ಲ. ನಮ್ಮ ಸಿಬಿಲ್ ಚೆನ್ನಾಗಿದ್ದಾಳೆ. ಮುಖ ನಿಮ್ಮದು, ನಾಲಿಗೆ ನನ್ನದು. ಪಕ್ಕದ ಮನೆಯ ಮಿಲಿಸೆಂಟ್ ಅವಳನ್ನು ತಡೆದು, “ನಿಮ್ಮಪ್ಪ ಪಾದ್ರಿ, ನಿಮ್ಮಮ್ಮ ಸನ್ಯಾಸಿನಿ, ನೀನೇನೇ ಆಕಾಶದಿಂದ ಉದುರಿದ್ಯಾ?” ಎಂದಳಂತೆ. ಇವಳು, “ಹೂಂ ಮಿಲಿಸೆಂಟಮ್ಮಾ, ನಿಮ್ಮ ಹಂದಿಗೂಡಿನ ಮೇಲೇ ಬೀಳ್ತಿದ್ದೆ, ಸ್ವಲ್ಪದ್ರಲ್ಲಿ ತಪ್ಪೋಯ್ತು” ಎಂದು ಬಂದಿದ್ದಾಳೆ. ಕೇಳಿ ನಕ್ಕೆ. ಅವಳು ಮಲಗಿದ ಮೇಲೆ ಕಣ್ಣೀರು ಹಾಕಿದೆ.

ಮುದಿ ರಾಜ ಹೆನ್ರಿ ಸತ್ತು ಇಷ್ಟು ವರ್ಷವಾದರೂ ನಮ್ಮ ಮನೆ ಬಿಟ್ಟು ಹೋಗಿಲ್ಲ ನೋಡಿ. ತನ್ನ ಮದುವೆ ಮುರಿಯಲೆಂದು ಪೋಪರನ್ನೇ ಬಿಟ್ಟ, ತಾನೇ ಧರ್ಮಕ್ಕೆ ಯಜಮಾನನಾದ, ನಮ್ಮ ಮಠ ಮುಚ್ಚಿಸಿ ಚಾವಣಿಯ ಸೀಸವನ್ನೂ ಮಾರಿಕೊಂಡ. ಅಷ್ಟೂ ಯುದ್ಧಕ್ಕೆ ಸಾಲದೆ ಬೆಳ್ಳಿ ನಾಣ್ಯಕ್ಕೆ ತಾಮ್ರ ಬೆರೆಸಿದ. ಸಿಬಿಲ್ ಹಳೆಯ ಶಿಲಿಂಗನ್ನು ತೋಳಿಗೆ ಉಜ್ಜಿ, ಅದರ ಮೇಲಿನ ರಾಜನ ಮೂಗು ತಾಮ್ರ ಬಿಟ್ಟು ಕೆಂಪಾಗುವುದನ್ನು ನೋಡಿ ನಗುತ್ತಾಳೆ. ಮಠದಿಂದ ಅಟ್ಟಿದವನು ಬ್ರಹ್ಮಚರ್ಯದ ವ್ರತದಿಂದ ಮಾತ್ರ ಬಿಡಿಸಲಿಲ್ಲ. ಮದುವೆಯಾದರೆ ನೇಣು ಅಂದ. ಅವನ ಮಗ ಪಟ್ಟಕ್ಕೆ ಬಂದು ಆಗಬಹುದು ಅಂದ, ನಾವು ಆದೆವು. ಹಿರಿಯ ಮಗಳು ಮೇರಿ ಬಂದು ನಮ್ಮನ್ನು ಬೇರೆ ಮಾಡಿದಳು. ಈಗ ಕಿರಿಯವಳು ಎಲಿಜಬೆತ್, ಇಬ್ಬರು ನ್ಯಾಯಾಧೀಶರೂ ಬಿಷಪ್ಪರೂ ಹೆಣ್ಣನ್ನು ಪರೀಕ್ಷಿಸಿ ಒಪ್ಪಿದರೆ ಪಾದ್ರಿ ಅವಳನ್ನು ಕಟ್ಟಿಕೊಳ್ಳಬಹುದು ಅಂದಿದ್ದಾಳೆ. ಒಬ್ಬ ಅಪ್ಪನ ಮೂರು ಮಕ್ಕಳು ನಮ್ಮ ಒಂದು ಹಾಸಿಗೆಯನ್ನು ಎಷ್ಟು ಸಲ ಹಾಸಿ ಮಡಿಚಿದರು!

ನನಗೆ ಮತ್ತೆ ಮತ್ತೆ ಒಂದೇ ಕನಸು. ಚಾವಣಿಯಿಲ್ಲದ ಮಠ, ಹುಲ್ಲು ಬೆಳೆದ ನೆಲದಲ್ಲಿ ಕುರಿಗಳು ಮಲಗಿವೆ, ನಾನು ಹಾಡುತ್ತಿದ್ದೇನೆ, ಮಂಜು ಮೆಲ್ಲಗೆ ದನಿಗೂಡಿಸುತ್ತದೆ. ಎಂಥಾ ಸುಖ! ಎದ್ದರೆ ಪಕ್ಕದಲ್ಲಿ ನೀವಿರುವುದಿಲ್ಲ. ನಿಮಗೆಂದೂ ಹೇಳಿರಲಿಲ್ಲ: ರಾಜ ಮಠ ಮುಚ್ಚದಿದ್ದರೆ ನಾನು ಅಲ್ಲೇ ಇರುತ್ತಿದ್ದೆ, ಸಂತೋಷವಾಗಿಯೇ. ಆ ಸುಖವೂ ಬೇಕು, ನೀವೂ ಬೇಕು, ಏನು ಮಾಡಲಿ?

ಇನ್ನು ನಿಮ್ಮ ಸರದಿ. ಐದು ವರ್ಷದ ಹಿಂದೆ ಚರ್ಚಿನಲ್ಲಿ ಬಿಳಿ ಬಟ್ಟೆ ಹೊದ್ದು, ಮೇಣದಬತ್ತಿ ಹಿಡಿದು, ಇವಳನ್ನು ಕಟ್ಟಿಕೊಂಡದ್ದು ಪಾಪ, ಇನ್ನು ಇವಳ ಸಂಗ ಬೇಡ ಎಂದು ಜನರೆದುರು ಓದಿದಿರಿ. ಓದದಿದ್ದರೆ ಮೇರಿಯ ಕಾಲದಲ್ಲಿ ಯಾವ ಊರಲ್ಲೂ ಪಾದ್ರಿ ಕೆಲಸ ಸಿಗುತ್ತಿರಲಿಲ್ಲ, ಗೊತ್ತು. ಆದರೆ ನೀವು ಎಲ್ಲೂ ತಡವರಿಸಲಿಲ್ಲ. ಕಂಬದ ಹಿಂದೆ ನಿಂತು ಕೇಳಿಸಿಕೊಂಡೆ. ಅದು ಬರೀ ಬಾಯಿಮಾತೋ, ಮನಸ್ಸಿನ ಮಾತೋ? ಆ ದೂರದ ಊರಿನಿಂದ ನೀವು ಬರೆಯುವ ಕಾಗದಗಳಲ್ಲಿ ಮಳೆ, ಬಾರ್ಲಿ, ಮೊಣಕಾಲು ನೋವು ಎಲ್ಲ ಇದೆ, ಇದೊಂದಿಲ್ಲ. ಮನಸ್ಸಿನದೇ ಆಗಿದ್ದರೆ ಹಾಗೆಂದು ಬರೆಯಿರಿ, ಕಾಯುವುದನ್ನು ನಿಲ್ಲಿಸುತ್ತೇನೆ.

ನಿಮ್ಮವಳೇ ಆದ
ಥಾಮಸೀನ್

ತಾ.ಕ.: ಕಾಯುತ್ತ ಕೂರುವ ಜಾಯಮಾನ ನನ್ನದಲ್ಲವೆಂದು ನಿಮಗೂ ಗೊತ್ತು. ನಿನ್ನೆಯೇ ಆ ಇಬ್ಬರು ನ್ಯಾಯಾಧೀಶರ ಮುಂದೆ ನಿಂತು ಬಂದೆ. ಒಳ್ಳೆಯ ಹೆಂಗಸೆಂದು ಒಪ್ಪಿದರು. ಇನ್ನು ಬಿಷಪ್ಪರೊಬ್ಬರೇ ಬಾಕಿ, ಅಲ್ಲಿಗೆ ನೀವೂ ಬರಬೇಕಂತೆ. ಹೊರಡುವಾಗ ಇಬ್ಬರಲ್ಲಿ ಹಿರಿಯರು, “ಅದೆಲ್ಲ ಸರಿ ಕಣಮ್ಮಾ, ಆತನಿಗೆ ನೀನು ಬೇಕಾ?” ಎಂದರು. ಊರವರೆಲ್ಲ ನೋಡುತ್ತಿದ್ದರು. “ಬೇಕು ಸ್ವಾಮಿ” ಎಂದು ಗಟ್ಟಿಯಾಗಿ ಹೇಳಿಬಿಟ್ಟೆ, ನಿಮ್ಮನ್ನು ಕೇಳದೆ.