ತಗ್ಗಿಸಿದ ಹಲಗೆ

ಅಪ್ಪನಿಗೆ, ಚಿಕ್ಕ ಮಗಳ ನಮಸ್ಕಾರ.

ಅಕ್ಕನ ಮನೆಯ ಊಟ ನಿಮಗೆ ಒಗ್ಗಿದೆಯೆಂದು ಕೇಳಿ ಸಮಾಧಾನವಾಯಿತು. ಲಕ್ವ ಹೊಡೆದ ಬಲಭಾಗ ಇನ್ನೂ ಸ್ವಾಧೀನಕ್ಕೆ ಬಂದಿಲ್ಲ, ಇನ್ನು ಉಳಿ ಮುಟ್ಟುವುದಿಲ್ಲ ಎಂದಿರಂತೆ. ಅದರ ಬಗ್ಗೆ ನಾನೇನೂ ಹೇಳುವುದಿಲ್ಲ. ಕೆಲಸದ ಸುದ್ದಿಯಷ್ಟೇ ಬರೆಯುತ್ತೇನೆ.

ಟೀಚರಮ್ಮನ ಮನೆಯ ಅಗ್ಗಿಷ್ಟಿಕೆಗೆ ಮರದ ಚೌಕಟ್ಟು ಮಾಡುತ್ತಿದ್ದೇನೆ. ಅವರ ಯಜಮಾನರು ಈಗ ಗಾಲಿಕುರ್ಚಿಯಲ್ಲಿದ್ದಾರೆ. ಅದಕ್ಕೇ ಮೇಲಿನ ಹಲಗೆಯನ್ನು ಸೊಂಟದ ಮಟ್ಟಕ್ಕೆ ತಗ್ಗಿಸು ಎಂದರು ಟೀಚರಮ್ಮ.

"ಎದೆಮಟ್ಟಕ್ಕಿದ್ರೇನೇ ಅಂದ ಅಮ್ಮ, ಹಿಂದಿನಿಂದ್ಲೂ ಹಾಗೇ ಬಂದಿರೋದು," ಎಂದೆ.

"ಹಿಂದಿನವರು ಬರೀ ಹೊಗೆ ತಡೆಯೋಕೆ ಬೆಂಕಿ ಮೇಲೆ ಗೂಡು ಕಟ್ಟಿದ್ರು, ಕಂಬ, ಹೂವು ಎಲ್ಲಾ ಆಮೇಲೆ ಬಂದಿದ್ದು ಅಂತ ನಿಮ್ಮಪ್ಪಾನೇ ಹೇಳ್ತಿದ್ರು. ಇನ್ನೊಂದು ಸಲ ಬದಲಾಗ್ಲಿ ಬಿಡು. ಇವರ ಕೈಗೆ ಎಟುಕದ ಅಂದ ಕಟ್ಕೊಂಡು ನಾನೇನು ಮಾಡ್ಲಿ?"

ತಗ್ಗಿಸಿದೆ. ನಿನ್ನೆ ಯಜಮಾನರು ಕುರ್ಚಿ ಉರುಳಿಸಿಕೊಂಡು ಬಂದು, ಕನ್ನಡಕ ತೆಗೆದು ತಾವೇ ಹಲಗೆಯ ಮೇಲಿಟ್ಟರು. ತೆಗೆದುಕೊಂಡರು, ಮತ್ತೆ ಇಟ್ಟರು. ಟೀಚರಮ್ಮ ಕಿಟಕಿಯ ಕಡೆ ತಿರುಗಿ ನಿಂತರು.

ಹಲಗೆಯ ಕೆಳಗಿನ ಪಟ್ಟಿಗೆ ದ್ರಾಕ್ಷಿ ಬಳ್ಳಿ ಬೇಕಂತೆ. ನಾನು ಬರೆದರೆ ಅದು ಬಟ್ಟೆ ಒಣಹಾಕುವ ಹಗ್ಗದಂತೆ ಕಾಣುತ್ತದೆ. ನೀವು ಎಡಗೈಯಲ್ಲಿ ಬರೆದುಕೊಡಿ, ಕೆತ್ತುವುದು ನನಗಿರಲಿ. ಗೆರೆ ನಡುಗಿದರೂ ಪರವಾಗಿಲ್ಲ, ಯಾವ ಬಳ್ಳಿ ನೆಟ್ಟಗೆ ಬೆಳೆದಿದೆ ಹೇಳಿ?

ನೀವು ಕೂತೇ ಕೆಲಸ ಮಾಡಲೆಂದು ನಮ್ಮ ಕೆಲಸದ ಮೇಜಿನ ಕಾಲುಗಳನ್ನು ಕೊಯ್ದುಬಿಟ್ಟಿದ್ದೇನೆ. ಬಗ್ಗಿ ಬಗ್ಗಿ ಈಗ ನನ್ನ ಬೆನ್ನು ಬಿದ್ದುಹೋಗುತ್ತಿದೆ. ಬೇಗ ಬನ್ನಿ.

ನಿಮ್ಮ
ಪುಟ್ಟಿ